ಎಡಬದಿ ದೊಡ್ಡದಿರಬೇಕು

ಫೆಬ್ರವರಿ 3, ಸೋಮವಾರ. ಬೆಳಿಗ್ಗೆ

ಅಪ್ಪನ ಆಕ್ಸಿಜನ್ ರೀಡಿಂಗ್ 93. ಮೆಷಿನ್ ಎರಡರಲ್ಲೇ ಇದೆ. ಬಾಟಲಿಯ ನೀರು ಬದಲಾಯಿಸಿದೆ. ಮೂಗಿನ ಟ್ಯೂಬ್ ಕಿವಿಯ ಹಿಂದೆ ಒತ್ತಿ ಗಾಯ ಮಾಡಿದೆ — ಹತ್ತಿ ಇಟ್ಟೆ. ಎರಡು ಬ್ರೆಡ್ ಕೊಟ್ಟರೆ ಒಂದು ತಿಂದು ಇನ್ನೊಂದನ್ನು ಕಿಟಕಿಯ ಗುಬ್ಬಿಗೆ ಹಾಕಿದ. ಯಾಕೆಂದು ಕೇಳಿದೆ. "ಅದು ಉಸಿರಾಡೋಕೆ ಕರೆಂಟ್ ಕೇಳಲ್ಲ ನೋಡು, ಅದಕ್ಕೆ ಬಹುಮಾನ" ಎಂದ. ಬೆಳಗಾಗೆದ್ದು ಇಂಥ ಮಾತು. ನಗಬೇಕೋ ಅಳಬೇಕೋ.

ಹಾಲ್‌ನಲ್ಲಿ ಆಕ್ಸಿಜನ್ ಮೆಷಿನ್ ದಿನವಿಡೀ ಗುಂಯ್ ಎನ್ನುತ್ತಿರುತ್ತದೆ. ಕರೆಂಟ್ ಹೋದರೆ ಮಾತ್ರ ನಿಲ್ಲುತ್ತದೆ. ಆಗ ಮೂಲೆಯ ಸಣ್ಣ ಸಿಲಿಂಡರ್. ಮನೆ ನಿಶ್ಶಬ್ದವಾದರೆ ನನಗೆ ಈಗ ಭಯ.

ಇವತ್ತಿನಿಂದ ಸಂಜೆ ಶಾಲೆಯಲ್ಲಿ ಹೊಸ ಪಾಠ. ಅಸಮಾನತೆಗಳು.

ಅದೇ ದಿನ, ಸಂಜೆ

ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂರುವ ದೊಡ್ಡವರು ನನ್ನ ವಿದ್ಯಾರ್ಥಿಗಳು. ಕೆಲಸ ಮುಗಿಸಿ ಬಂದು ಆಕಳಿಸುತ್ತಾ ಲೆಕ್ಕ ಕಲಿಯುತ್ತಾರೆ. ಸಮೀಕರಣ ಅಂದರೆ ಎರಡೂ ಕಡೆ ಸಮ, ಬದುಕಿನಲ್ಲಿ ಹಾಗಾಗುವುದು ಅಪರೂಪ ಎಂದು ಶುರು ಮಾಡಿದೆ. ಹೆಚ್ಚಿನದೆಲ್ಲ "ಇಷ್ಟಾದರೂ ಇರಬೇಕು", "ಇಷ್ಟು ಮೀರಬಾರದು" ಅಷ್ಟೇ.

ಟೈಲರಮ್ಮ ಎದ್ದಳು. "ನಂಗೆ ಬರೋ ಬಟ್ಟೆ ಯಾವತ್ತೂ ಬೇಕಾಗಿದ್ದಕ್ಕಿಂತ ಕಮ್ಮೀನೇ ಮೇಡಂ."

"ಆಗೇನ್ ಮಾಡ್ತೀರಿ?"

"ತೋಳು ಗಿಡ್ಡ ಮಾಡ್ತೀನಿ."

ಎಲ್ಲರೂ ನಕ್ಕರು. ಬೋರ್ಡಿನ ಮೇಲೆ ಬರೆದೆ: ಇರುವುದು ≥ ಬೇಕಾದದ್ದು. ಎಡಬದಿ ದೊಡ್ಡದಿರಬೇಕು, ಕಡಿಮೆಯೆಂದರೆ ಸಮ ಇರಲಿ, ಚಿಕ್ಕದಾಗಬಾರದು. ಹಿಂದಿನ ಬೆಂಚಿನ ಟ್ಯಾಕ್ಸಿಯವನು, "ಇದಕ್ಕೊಂದು ಪಾಠ ಬೇರೆ ಬೇಕಾ ಮೇಡಂ? ಪೆಟ್ರೋಲ್ ಮುಳ್ಳು ನೋಡ್ಕೊಂಡೇ ನಮ್ ಜೀವನ" ಎಂದ. ಅರ್ಧ ಪಾಠ ಅವರೇ ಮಾಡಿಬಿಟ್ಟರು. ಇವತ್ತು ಮನಸ್ಸು ಸ್ವಲ್ಪ ಹಗುರ.

ಫೆಬ್ರವರಿ 9, ಭಾನುವಾರ

ಅಪ್ಪನ ಅಕ್ಕ, ಅತ್ತೆಯ ಫೋನ್. ಭಾನುವಾರ ಬೆಳಿಗ್ಗೆ ತಪ್ಪುವುದಿಲ್ಲ. ಅವರ ಸೊಸೆ ನಂಬರ್ ಒತ್ತಿಕೊಡುತ್ತಾಳೆ. ಅತ್ತೆಗೆ ಎಂಬತ್ತೊಂದು, ಮಂಡಿ ಹೋಗಿದೆ, ನೆನಪೂ ಹೋಗುತ್ತಿದೆ. ಅಪ್ಪ ಇನ್ನೂ ಬಸ್ ಓಡಿಸುತ್ತಿದ್ದಾನೆ ಅಂದುಕೊಂಡಿದ್ದಾರೆ. ಅಪ್ಪ ತಿದ್ದುವುದಿಲ್ಲ. "ಹೂಂ ಅಕ್ಕ, ಡ್ಯೂಟಿ ಜಾಸ್ತಿ" ಅನ್ನುತ್ತಾನೆ.

ಅಪ್ಪನಿಗೆ ನಾಲ್ಕು ವರ್ಷವಿದ್ದಾಗ ಅಜ್ಜಿ ತೀರಿಕೊಂಡದ್ದು. ಸಾಕಿದ್ದು ಅತ್ತೆ. ಈಗಲೂ ಅವರಿಗೆ ಅಪ್ಪ "ಮರಿ". ಎಪ್ಪತ್ತಮೂರರ ಮರಿ.

ಫೋನ್ ಇಟ್ಟ ಮೇಲೆ ಅಪ್ಪ ಮೂಗಿನ ಟ್ಯೂಬ್ ಸರಿಮಾಡಿಕೊಂಡ. ಆಮೇಲೆ ಕೇಳಿದ. "ನನ್ನ ಒಂದ್ಸಲ ಅಕ್ಕನ ಹತ್ರ ಕರ್ಕೊಂಡ್ ಹೋಗ್ತೀಯಾ? ಪೂರ್ತಿ ಮರ್ತೋಗೋಕ್ ಮುಂಚೆ."

ಅಪ್ಪ ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ನೋಡೋಣ ಎಂದೆ.

ಫೆಬ್ರವರಿ 10, ಸೋಮವಾರ

ನೋಡಿದೆ. ಅಡುಗೆಮನೆಯ ಮೇಜಿನ ಮೇಲೆ, ಅಪ್ಪನ ಎದುರಿಗೇ.

ಅಲ್ಲಿಗೆ ತಲುಪಿದರೆ ತೊಂದರೆಯಿಲ್ಲ. ಮೆಷಿನ್ ಜೊತೆಗೇ ಒಯ್ದು ಅತ್ತೆಯ ಮನೆಯಲ್ಲಿ ಪ್ಲಗ್ ಹಾಕಬಹುದು. ವಾಪಸ್ ಬರುವಾಗ ಅಲ್ಲಿನ ಆಸ್ಪತ್ರೆಯಲ್ಲಿ ಸಿಲಿಂಡರ್ ತುಂಬಿಸಿಕೊಳ್ಳಬಹುದು. ಕಷ್ಟ ಇರುವುದು ದಾರಿಯಲ್ಲಿ. ಸಣ್ಣ ಸಿಲಿಂಡರಿನಲ್ಲಿ 680 ಲೀಟರ್. ಕಾಲು ಭಾಗ ಯಾವಾಗಲೂ ಉಳಿಸಿಕೊಳ್ಳಿ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಬಳಸಲು ಸಿಗುವುದು 510. ನಿಮಿಷಕ್ಕೆ ಎರಡು ಲೀಟರ್. ಅಂದರೆ 255 ನಿಮಿಷ. ದಾರಿ ನಾಲ್ಕೂವರೆ ಗಂಟೆ, 270 ನಿಮಿಷ.

255 ≥ 270 — ಸುಳ್ಳು.

"ಹದಿನೈದ್ ನಿಮಿಷಕ್ಕೆ ಬೇಡ ಅಂತೀಯಾ?"

"ಹದಿನೈದಾದ್ರೇನು, ಒಂದಾದ್ರೇನು ಅಪ್ಪ. ಸಾಲಲ್ಲ ಅಂದ್ರೆ ಸಾಲಲ್ಲ."

"ಆ ರೂಟಲ್ಲಿ ಹನ್ನೊಂದ್ ವರ್ಷ ಓಡಿಸಿದೀನಿ. ನಾಲ್ಕ್ ಗಂಟೆ ಸಾಕು."

"ಆಗ ದಾರೀಲಿ ನಿನ್ನ ಬಸ್ಸು ಬಿಟ್ರೆ ಎತ್ತಿನ ಗಾಡಿ. ಈಗ ಟ್ರಾಫಿಕ್ ಎಷ್ಟಿದೆ ಗೊತ್ತಾ?"

ಆಂಬುಲೆನ್ಸ್ ಮಾಡೋಣ ಎಂದೆ. ಬೇಡವೇ ಬೇಡ ಅಂದ — ಆಂಬುಲೆನ್ಸ್ ಬಂದು ಬಾಗಿಲಲ್ಲಿ ನಿಂತರೆ ಅಕ್ಕನ ಎದೆ ಒಡೆಯುತ್ತದೆ. ಅದೂ ಸರಿಯೇ.

ಫೆಬ್ರವರಿ 12, ಬುಧವಾರ

ಸಿಲಿಂಡರಿನವನನ್ನು ಇನ್ನೊಂದು ಕೊಡಲು ಕೇಳಿದೆ. "ಒಂದ್ ಮನೆಗೆ ಒಂದೇ ಮೇಡಂ, ಸ್ಟಾಕಿಲ್ಲ." ಸರಿ ಎಂದು ಬಂದೆ. ಇನ್ನೊಂದು ಮಾತು ಕೇಳಬಹುದಿತ್ತೇನೋ. ತಮ್ಮನಿಗೆ ಫೋನ್ ಮಾಡಿದೆ. "ದಾರೀಲಿ ಏನಾದ್ರೂ ಆದ್ರೆ ಯಾರ್ ಹೊಣೆ ಅಕ್ಕ? ಸುಮ್ನೆ ಇದ್ದಿದ್ದನ್ನ ಯಾಕ್ ಕೆಣಕ್ತೀಯ?" ಅವನು ದೂರದಲ್ಲಿದ್ದಾನೆ. ದೂರದಲ್ಲಿರುವವರಿಗೆ ಎಲ್ಲವೂ ಸ್ಪಷ್ಟ. ಆದರೂ ಬೇಡ ಅನ್ನಲು ಇನ್ನೊಬ್ಬರು ಸಿಕ್ಕರಲ್ಲ ಎಂದು ಸಮಾಧಾನವಾಯಿತು. ಹೇಡಿತನ. ಗೊತ್ತು.

ಸಂಜೆ ಅಪ್ಪ ಮತ್ತೆ ಅದೇ ಲೆಕ್ಕದ ಹಾಳೆ ಹಿಡಿದು ಕೂತಿದ್ದ. "ಟೀಚರಮ್ಮಾ, ಈ ಎರಡನ್ನ ಒಂದೂವರೆ ಮಾಡಿದ್ರೆ?"

ಎಷ್ಟಾದರೂ ಮೇಷ್ಟರ ಬುದ್ಧಿ. ಪ್ರಶ್ನೆ ಕೇಳಿದರೆ ಉತ್ತರ ಬಾಯಿಗೆ ಬಂದುಬಿಡುತ್ತದೆ. "ಭಾಗಿಸೋ ಸಂಖ್ಯೆ ಚಿಕ್ಕದಾದ್ರೆ ಭಾಗಲಬ್ಧ ದೊಡ್ಡದಾಗತ್ತೆ ಅಪ್ಪ. ಒಂದೂವರೆಗೆ 340 ನಿಮಿಷ. ಬೇಕಾದಷ್ಟಾಯ್ತು. ಆದ್ರೆ ಲೆಕ್ಕದಲ್ಲಿ ಮಾತ್ರ" ಎಂದೆ. ಅಪ್ಪ ತಲೆಯಾಡಿಸಿ ಹಾಳೆ ಮಡಚಿ ಜೇಬಿನಲ್ಲಿಟ್ಟುಕೊಂಡ. ಒಳ್ಳೆಯ ವಿದ್ಯಾರ್ಥಿ.

ಫೆಬ್ರವರಿ 20, ಗುರುವಾರ

ಅಪ್ಪ ಗೆಲುವಾಗಿದ್ದಾನೆ. ದಾರಿಯ ಮಾತೇ ಎತ್ತುತ್ತಿಲ್ಲ. ಬೇಸರ ಕಳೆಯಿತು ಅಂದುಕೊಂಡೆ. ನಾನು ಶಾಲೆಗೆ ಹೊರಡುವಾಗ "ಹೊತ್ತಾಯ್ತು, ಹೊರಡು ಹೊರಡು" ಎಂದು ಅವನೇ ಅವಸರಿಸುತ್ತಾನೆ. ಮೊದಲೆಲ್ಲ ಇನ್ನೈದು ನಿಮಿಷ ಇರು ಅನ್ನುತ್ತಿದ್ದ.

ರೀಡಿಂಗ್ 92.

ಮಾರ್ಚ್ 4, ಮಂಗಳವಾರ

ಅಪ್ಪನಿಗೆ ತಲೆನೋವು, ನಾಲ್ಕು ದಿನದಿಂದ. ಕಾಲು ಊದಿದೆ. ಮಾತಿಗೆ ಮುಂಚೆ ಸಿಡುಕು. ಸಾರಿ ಕೇಳಿದ ಆಮೇಲೆ. ಬೆಳಿಗ್ಗೆ ಮೀಟರ್ ಹಾಕಿದರೆ 91. ಮೆಷಿನ್ ಎರಡರಲ್ಲೇ ಇದೆ. ಸೆಖೆ ಇರಬೇಕು ಅಂದ. ಡಾಕ್ಟರಮ್ಮನ ಹತ್ತಿರ ಹೋಗೋಣ ಎಂದರೆ "ಮುಂದಿನ ವಾರ, ಮುಂದಿನ ವಾರ."

ಕ್ಲಾಸಿನಲ್ಲಿ ಲಿಫ್ಟಿನ ಲೆಕ್ಕ ಕೊಟ್ಟೆ. ಒಬ್ಬೊಬ್ಬರ ತೂಕ ಕೂಡಿಸಿ ಎಷ್ಟು ಜನ ಹತ್ತಬಹುದು ಎಂದು. ಟೈಲರಮ್ಮ ತನ್ನ ತೂಕ ಹೇಳಲು ಒಪ್ಪಲಿಲ್ಲ. "x ಅಂತ ಇಟ್ಕೊಳಿ ಮೇಡಂ" ಅಂದಳು. ನಾನೂ ನಕ್ಕೆ. ಮನೆಗೆ ಬಂದಾಗ ಅಪ್ಪ ನಿದ್ದೆ ಹೋಗಿದ್ದ, ಹೊರಗೆ ಹೋಗುವ ಪ್ಯಾಂಟಿನಲ್ಲೇ. ಯಾಕೆಂದು ಎಬ್ಬಿಸಿ ಕೇಳಲಿಲ್ಲ.

ಮಾರ್ಚ್ 7, ಶುಕ್ರವಾರ. ಆಸ್ಪತ್ರೆಯ ಬೆಂಚು

ಅಪ್ಪನನ್ನು ಒಳಗೆ ಕರೆದೊಯ್ದಿದ್ದಾರೆ. ಬರೆಯುತ್ತಾ ಕೂತಿದ್ದೇನೆ.

ಶಾಲೆಯಲ್ಲಿ ನೀರಿನ ಪೈಪ್ ಒಡೆದು ಕ್ಲಾಸ್ ಬಿಟ್ಟರು. ಬೇಗ ಮನೆಗೆ ಬಂದೆ. ಅಪ್ಪ ಹಾಲ್‌ನ ನಡುವೆ, ಕಿಟಕಿಗೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ನೆಟ್ಟಗೆ ಕೂತಿದ್ದ. ಇಸ್ತ್ರಿ ಮಾಡಿದ ಶರ್ಟು, ಕಾಲಿಗೆ ಬೂಟು. ಕೈಯಲ್ಲಿ ಗಡಿಯಾರ. ಎರಡೂ ಕಾಲು ಮುಂದಕ್ಕೆ ಚಾಚಿ, ಬಸ್ಸಿನಲ್ಲಿ ಕೂತ ಹಾಗೆ. ತುಟಿ ನೀಲಿ.

ಮೆಷಿನ್ನಿನ ಗಾಜಿನ ಕೊಳವೆಯಲ್ಲಿ ಸಣ್ಣ ಗುಂಡು ಇರುತ್ತದೆ, ಅದು ನಿಂತ ಗೆರೆಯೇ ಲೀಟರ್. ಗುಂಡು ಒಂದರಲ್ಲಿತ್ತು.

ನಾಬ್ ತಿರುಗಿಸಿದೆ. ಕೂಗಿದೆ ಅನ್ನಿಸುತ್ತದೆ. "ಏನಪ್ಪ ಇದು? ಏನ್ ಮಾಡ್ಕೊಂಡಿದೀಯ?"

"ಒಂದೂವರೆ... ಅಭ್ಯಾಸ ಆಗಿತ್ತು. ಒಂದು... ನೋಡೋಣ ಅಂತ. ಇನ್ನರ್ಧ ಗಂಟೆ ಕೂತಿದ್ರೆ... ಇವತ್ತಿನದು ಮುಗೀತಿತ್ತು. ನೀ ಬೇಗ ಬಂದ್ಬಿಟ್ಟೆ."

ಪ್ರಾಕ್ಟೀಸ್ ಮಾಡುತ್ತಿದ್ದ. ನಾನು ಕ್ಲಾಸಿಗೆ ಹೋದ ಮೇಲೆ ನಾಬ್ ಇಳಿಸಿ, ನಾನು ಬರುವ ಮೊದಲು ಏರಿಸಿ. ವಾರಗಟ್ಟಲೆ. ಕುರ್ಚಿಯಲ್ಲಿ ಕೂತು ಅಕ್ಕನ ಮನೆಗೆ ಹೋಗುತ್ತಿದ್ದ.

ಭಾಗಿಸುವ ಸಂಖ್ಯೆ ಚಿಕ್ಕದಾದರೆ ಭಾಗಲಬ್ಧ ದೊಡ್ಡದಾಗುತ್ತದೆ. ಹೇಳಿಕೊಟ್ಟವಳು ನಾನು. ಅದರ ಕೆಳಗೆ ಇನ್ನೊಂದು ಸಾಲು ಬರೆಯಬೇಕಿತ್ತು — ಅಪ್ಪನಿಗೆ ಸಿಗುವ ಗಾಳಿ ≥ 2. ಆ ಸಾಲು ಎಲ್ಲರಿಗೂ ಗೊತ್ತಿರುವುದು ಅಂದುಕೊಂಡೆ. ಅಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ತನ್ನದು ಒಗ್ಗುವ ದೇಹ ಅಂದುಕೊಂಡ. ಟೈಲರಮ್ಮನ ಹಾಗೆ ತೋಳು ಗಿಡ್ಡ ಮಾಡಲು ಹೋದ.

ಡಾಕ್ಟರಮ್ಮ ಹೊರಗೆ ಬಂದರು.

ಮಾರ್ಚ್ 16, ಭಾನುವಾರ

ಮನೆಗೆ ಕರೆತಂದೆವು. ಮೆಷಿನ್ ಈಗ ನಾಲ್ಕರಲ್ಲಿ. ನಾಲ್ಕಿದ್ದರೂ 89. ಹೃದಯಕ್ಕೂ ಪೆಟ್ಟು ಬಿದ್ದಿದೆಯಂತೆ. ಬಾತ್‌ರೂಮಿಗೆ ಹೋಗಿಬಂದರೆ ಹತ್ತು ನಿಮಿಷ ಮಾತಿಲ್ಲ.

ನಾಬ್‌ಗೆ ಟೇಪ್ ಸುತ್ತಿದೆ. ಅಪ್ಪ ನೋಡಿದ. ನನಗೆ ನಾಚಿಕೆಯಾಯಿತು. ಟೇಪ್ ಕಿತ್ತುಹಾಕಿದೆ.

ಅತ್ತೆ ಫೋನ್ ಮಾಡಿದ್ದರು. ಡ್ಯೂಟಿಯಲ್ಲಿದ್ದಾನೆ ಎಂದು ನಾನೇ ಸುಳ್ಳು ಹೇಳಿದೆ.

ಮಾರ್ಚ್ 19, ಬುಧವಾರ

ಡಾಕ್ಟರಮ್ಮನನ್ನು ಒಬ್ಬಳೇ ಕಂಡೆ. ಪ್ರಯಾಣ ಆಗುತ್ತದೆಯೇ ಎಂದು ಕೇಳಿದೆ. "ಕರ್ಕೊಂಡ್ ಹೋಗಿ ಅನ್ನಲ್ಲ. ಬೇಡ ಅಂತಾನೂ ಅನ್ನಲ್ಲ." ಅಡ್ಡಗೋಡೆಯ ಮೇಲೆ ದೀಪ. ಹೊರಡುವಾಗ ಮಾತ್ರ ಕೈ ಹಿಡಿದುಕೊಂಡು, "ಏನೇ ಮಾಡೋದಾದ್ರೂ ಬೇಸಿಗೆ ಮುಗಿಯೋವರ್ಗೂ ಕಾಯಬೇಡಿ" ಎಂದರು.

ಎರಡನೆಯ ಸಿಲಿಂಡರಿಗೆ ಚೀಟಿ ಬರೆದುಕೊಟ್ಟರು. ಎರಡೇ ನಿಮಿಷದ ಕೆಲಸ. ಫೆಬ್ರವರಿಯಲ್ಲೇ ಕೇಳಿದ್ದರೆ ಆಗಲೇ ಬರೆದುಕೊಡುತ್ತಿದ್ದರು. ನಾನು ಕೇಳಲಿಲ್ಲ. ಲೆಕ್ಕ ಬೇಡ ಅಂದಿತ್ತು, ನನಗೂ ಅದೇ ಬೇಕಿತ್ತು. ಗಾಳಿ ಎಷ್ಟಿದೆ, ದಾರಿ ಎಷ್ಟಿದೆ ಎಂದು ಬರೆದೆ. ಅಪ್ಪನಿಗೆ ಎಷ್ಟು ದಿನ ಇದೆ ಅಂತ ಯಾವ ಬದಿಯಲ್ಲೂ ಬರೆಯಲಿಲ್ಲ.

ಮಾರ್ಚ್ 23, ಭಾನುವಾರ

ಫೋನ್ ಬಂತು. ಅಪ್ಪ ಕೈ ಚಾಚಿದ. ಸ್ಪೀಕರ್ ಹಾಕಿ ಕೊಟ್ಟೆ. ಮಾತಾಡಲು ಉಸಿರು ಸಾಲದು, ಕಿವಿ ಕೊಟ್ಟು ಕೂತ. ಅತ್ತೆಯೇ ಮಾತಾಡಿದರು, ಸೊಸೆಯ ಬಗ್ಗೆ, ಬೆಕ್ಕಿನ ಬಗ್ಗೆ, ಮತ್ತೆ ಬೆಕ್ಕಿನ ಬಗ್ಗೆ. ಆಮೇಲೆ ಒಮ್ಮೆಗೇ ಕೇಳಿದರು.

"ಮರಿ, ಅದೇನೋ ಗುಂಯ್ ಅಂತಿದ್ಯಲ್ಲ. ಬಸ್ಸಲ್ಲಿದೀಯಾ?"

ಮೆಷಿನ್ನಿನ ಸದ್ದು.

ಅಪ್ಪ ನನ್ನ ಕಡೆ ನೋಡಿದ. ಆಮೇಲೆ ನೋಡಲಿಲ್ಲ. "ಹೂಂ ಅಕ್ಕ. ಹೊರಟಿದೀನಿ."

"ಇಲ್ಲಿಗಾ?"

"ಹೂಂ."

ಅತ್ತೆ ಅಳತೊಡಗಿದರು. ಅಥವಾ ನಕ್ಕರು, ಗೊತ್ತಾಗಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಯಾಕಪ್ಪ ಹಾಗಂದೆ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಮಾರ್ಚ್ 24, ಸೋಮವಾರ

ಬೆಳಿಗ್ಗೆ ಏಳಕ್ಕೇ ಅತ್ತೆಯ ಸೊಸೆ ಫೋನ್ ಮಾಡಿದಳು. ಗಾಬರಿಯಾಗಿದ್ದಳು. "ಅಕ್ಕಾ, ಮಾವ ಬರ್ತಿದಾರಾ? ಅತ್ತೆ ನಿನ್ನೆಯಿಂದ ಗೇಟ್ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತಿದಾರೆ. ಒಳಗ್ ಬನ್ನಿ ಅಂದ್ರೆ ಬರಲ್ಲ. ಅವನ್ ಬರೋವಾಗ ಬಾಗ್ಲಲ್ಲಿ ಯಾರೂ ಇಲ್ದೇ ಇದ್ರೆ ಹೆಂಗೆ ಅಂತಾರೆ. ಬೇರೆಲ್ಲ ಮರೀತಾರೆ, ಇದೊಂದ್ ಮರೀತಿಲ್ಲ."

ನಾಳೆ ಬರುತ್ತೇವೆ ಎಂದೆ. ಬಾಯಿಂದ ಬಂದುಬಿಟ್ಟಿತು.

ಚೀಟಿ ಕೊಟ್ಟು ಎರಡನೆಯ ಸಿಲಿಂಡರ್ ತಂದೆ. ಸ್ಟಾಕಿಲ್ಲ ಅಂದವನೇ ಹೊತ್ತು ತಂದು ಇಟ್ಟ. ಕೂತು ಲೆಕ್ಕ ಹಾಕಿದೆ. ಎರಡು ಸಿಲಿಂಡರ್, 1360. ಕಾಲು ಭಾಗ ಬಿಟ್ಟರೆ 1020. ನಿಮಿಷಕ್ಕೆ ನಾಲ್ಕು. ಭಾಗಿಸಿದರೆ 255.

ಮತ್ತೆ ಅದೇ 255. ಮತ್ತೆ ಅದೇ ಹದಿನೈದು ನಿಮಿಷ. ಪೆನ್ನು ಎಸೆದೆ. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಿಲ್ಲ. ಕಾಲು ಭಾಗ ಹಾಳಾಗಿ ಹೋಗಲಿ. ಕಾಲು ಭಾಗ ಸೇರಿಸಿದರೆ 340. 340 ≥ 270, ನಿಜ.

ತಮ್ಮ ಫೋನಿನಲ್ಲಿ ಕಿರುಚಿದ. "ಏನಾದ್ರೂ ಆದ್ರೆ ನನ್ನನ್ನ ಕೇಳ್ಬೇಡ!" ಕೇಳೋದಿಲ್ಲ ಎಂದೆ. ಆಮೇಲೆ ಅವನೇ ಮತ್ತೆ ಮಾಡಿ, "ಅಪ್ಪಂಗೆ ಸ್ವೆಟರ್ ಹಾಕು" ಎಂದ. ಇಟ್ಟುಬಿಟ್ಟ.

ಟ್ಯಾಕ್ಸಿಯವನು ವ್ಯಾನ್ ತರುತ್ತಾನಂತೆ. "ಎಷ್ಟೊತ್ತಿಗ್ ಅಂದ್ರೂ ಬರ್ತೀನಿ ಮೇಡಂ, ನಾಳೆ ಕ್ಲಾಸ್ ಹೆಂಗೂ ಇರಲ್ಲ." ಪಾಠ ತಪ್ಪಿದ್ದಕ್ಕೆ ಖುಷಿ ಬೇರೆ.

ಅಪ್ಪನಿಗೆ ಹೇಳಿದೆ. ನಂಬಲಿಲ್ಲ. ಆಮೇಲೆ ಬೂಟು ಒರೆಸಿಕೊಡು ಎಂದ.

ಮಾರ್ಚ್ 25, ಮಂಗಳವಾರ. ಬೆಳಿಗ್ಗೆ ಆರು

ವ್ಯಾನ್ ಬಂದಿದೆ. ಅಪ್ಪನ ರೀಡಿಂಗ್ 88. ಶೇವ್ ಮಾಡಿಸಿಕೊಂಡಿದ್ದಾನೆ, ಗಲ್ಲದ ಮೇಲೆ ಸೋಪು ಉಳಿದಿದೆ. ಮುಂದಿನ ಸೀಟೇ ಬೇಕಂತೆ, ದಾರಿ ಕಾಣಬೇಕಂತೆ. ನಾನು ಹಿಂದೆ, ಸಿಲಿಂಡರ್ ನನ್ನ ಕಾಲ ಬಳಿ, ಟ್ಯೂಬ್ ಸೀಟಿನ ಮೇಲಿಂದ. ಮೆಷಿನ್ ಡಿಕ್ಕಿಯಲ್ಲಿ. ಹೊರಟೆವು.

ಮಾರ್ಚ್ 30, ಭಾನುವಾರ. ಅತ್ತೆಯ ಮನೆ

ಬರೆಯದೆ ಆಗದು.

ಮೊದಲ ಎರಡು ಗಂಟೆ ಅಪ್ಪ ಟ್ಯಾಕ್ಸಿಯವನ ಜೀವ ತಿಂದ. ಈ ತಿರುವಿಗೆ ಹಾರ್ನ್ ಹೊಡಿ. ಲಾರಿ ಹಿಂದೆ ಅಂಟಬೇಡ. ಇಲ್ಲೊಂದು ಗುಂಡಿ ಇದೆ ನೋಡು. ಗುಂಡಿ ಇತ್ತು! "ಸಾರ್, ನೀವೇ ಓಡಿಸ್ಬಿಡಿ" ಎಂದ ಅವನು. ಅಪ್ಪ ನಕ್ಕ. ಉಸಿರು ಸಾಲದೆ ನಗು ಅರ್ಧಕ್ಕೇ ನಿಂತಿತು, ಆದರೂ ನಗುವೇ. ಮೊದಲ ಸಿಲಿಂಡರ್ ಅಂದುಕೊಂಡದ್ದಕ್ಕಿಂತ ಬೇಗ ಮುಗಿಯಿತು. ಎರಡನೆಯದಕ್ಕೆ ಬದಲಾಯಿಸಿದೆ. ಅಲ್ಲಿಂದ ನನ್ನ ಕಣ್ಣು ಗೇಜಿನ ಮೇಲೆ. ಮುಳ್ಳು ಇಳಿಯುವುದು, ಕಿಲೋಮೀಟರ್ ಕಲ್ಲಿನ ಸಂಖ್ಯೆ ಇಳಿಯುವುದು. ಭಾಗಿಸುವುದು, ಹೋಲಿಸುವುದು. ಸಾಕು. ಸಾಲದು. ಇಲ್ಲ, ಸಾಕು. ಅಪ್ಪ ಮಾತು ನಿಲ್ಲಿಸಿದ್ದ. ಬೆರಳಿನ ಮೀಟರ್ ಚುಚ್ಚುತ್ತದೆ ಎಂದು ಕಳಚಿ ಜೇಬಿಗೆ ಹಾಕಿಕೊಂಡಿದ್ದ. ತಲೆ ಕಿಟಕಿಗೆ ವಾಲಿತ್ತು, ನಿದ್ದೆ ಅಂದುಕೊಂಡೆ. ನಿದ್ದೆ ಮಾಡಲಿ, ಗಾಳಿ ಉಳಿಯುತ್ತದೆ ಎಂದೂ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ.

ಊರು ಕಾಣುವ ಏರಿನಲ್ಲಿ ಟ್ಯಾಕ್ಸಿಯವನು ವೇಗ ಇಳಿಸಿದ. ಮೆಲ್ಲಗೆ ಹೇಳಿದ. "ಮೇಡಂ... ಒಂದ್ಸಲ ಸಾರ್‌ನ ನೋಡಿ."

ಯಾವಾಗ ಹೋದ ಅಂತ ನನಗೆ ಗೊತ್ತಿಲ್ಲ. ಕೈಯಳತೆಯಲ್ಲಿ ಕೂತಿದ್ದೆ, ಗೊತ್ತಾಗಲಿಲ್ಲ. ಮುಳ್ಳು ನೋಡುತ್ತಿದ್ದೆ. ಅಪ್ಪನನ್ನು ನೋಡುತ್ತಿರಲಿಲ್ಲ.

ಸಿಲಿಂಡರಿನಲ್ಲಿ ಗಾಳಿ ಇನ್ನೂ ಇತ್ತು. ಟ್ಯೂಬಿನಿಂದ ಸುಯ್ ಎಂದು ಬರುತ್ತಲೇ ಇತ್ತು. ಎಡಬದಿ ದೊಡ್ಡದೇ ಇತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ.

"ತಿರುಗಿಸ್ಲಾ ಮೇಡಂ? ಆಸ್ಪತ್ರೆಗೆ?" ಬೇಡ, ಮುಂದೆ ಹೋಗು ಎಂದೆ.

ಅತ್ತೆ ಗೇಟಿನ ಬಳಿ ಕುರ್ಚಿಯಲ್ಲಿದ್ದರು. ಸೊಸೆಯ ಭುಜ ಹಿಡಿದು ಎದ್ದು, ಒಂದೊಂದೇ ಹೆಜ್ಜೆ ಇಟ್ಟು ವ್ಯಾನಿನವರೆಗೆ ಬಂದರು. ಕಿಟಕಿಯಿಂದ ಕೈ ಹಾಕಿ ಅಪ್ಪನ ಕೆನ್ನೆ ಮುಟ್ಟಿದರು. ನಾನು ಬಾಯಿ ತೆರೆದೆ. ಅವರು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದರು.

"ಎಬ್ಬಿಸ್ಬೇಡ. ದಣಿದು ಬಂದಿದಾನೆ. ಮೈ ತಣ್ಣಗಿದೆ, ಒಳಗಿಂದ ಶಾಲು ತನ್ನಿ ಯಾರಾದ್ರೂ."

ಸೊಸೆ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು. ಶಾಲು ತಂದಳು. ಅತ್ತೆಯೇ ಹೊದಿಸಿದರು. ಕತ್ತಿನ ಹತ್ತಿರ ಗಾಳಿ ಹೋಗದ ಹಾಗೆ ಸಿಕ್ಕಿಸಿದರು. ಕುರ್ಚಿ ವ್ಯಾನಿನ ಪಕ್ಕಕ್ಕೆ ಹಾಕಿಸಿಕೊಂಡು, ಕಿಟಕಿಯೊಳಗೆ ಕೈ ಇಟ್ಟು, ತಲೆ ಸವರುತ್ತಾ ಕೂತರು. ನಾನು ಅವರ ಕಾಲ ಬಳಿ ರಸ್ತೆಯ ಮೇಲೇ ಕೂತುಬಿಟ್ಟೆ. ಎಷ್ಟು ಹೊತ್ತೋ. ಯಾರೂ ನಮ್ಮನ್ನು ಎಬ್ಬಿಸಲಿಲ್ಲ.

ಸಂಜೆಗೆ ತಮ್ಮ ಬಂದ. ಮರುದಿನ ಎಲ್ಲ ಮುಗಿಯಿತು. ಅತ್ತೆಗೆ ಹೇಳಿದೆವು, ಎಲ್ಲವನ್ನೂ ಅವರೂ ನೋಡಿದರು. ಎದೆ ಬಡಿದುಕೊಂಡು ಅತ್ತರು. ಅದರ ಮರುದಿನ ಬೆಳಿಗ್ಗೆ ಎದ್ದು ಬಂದು ಕೇಳಿದರು. "ಮರಿ ಎದ್ನಾ?"

ಮತ್ತೆ ಹೇಳಿದೆ. ಮೊದಲ ಸಲ ಕೇಳಿದ ಹಾಗೆಯೇ ಅತ್ತರು. ಶುಕ್ರವಾರವೂ ಅದೇ. ನಿನ್ನೆ ನನ್ನಿಂದ ಆಗಲಿಲ್ಲ. ಮಲಗಿದ್ದಾನೆ ಅತ್ತೆ ಎಂದೆ. ಸರಿ ಎಂದು ಗೇಟಿನ ಬಳಿ ಹೋಗಿ ಕೂತರು, ಕತ್ತಲಾಗುವವರೆಗೆ.

ಹೇಳಿದರೆ ದಿನಾ ಹೊಸದಾಗಿ ತಮ್ಮನನ್ನು ಕಳೆದುಕೊಳ್ಳುತ್ತಾರೆ. ಹೇಳದಿದ್ದರೆ ದಿನಾ ಕಾಯುತ್ತಾರೆ. ಯಾವುದು ಹೆಚ್ಚು, ಯಾವುದು ಕಮ್ಮಿ ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ. ನಡುವೆ ಹಾಕಲು ನನ್ನ ಹತ್ತಿರ ಚಿಹ್ನೆ ಇಲ್ಲ.

ಅವರ ಕೋಣೆಯ ಬಾಗಿಲು ತೆರೆಯಿತು. ಗೋಡೆ ಹಿಡಿದುಕೊಂಡು ಬರುತ್ತಿದ್ದಾರೆ. ಕೇಳುತ್ತಾರೆ. ಇವತ್ತು ನಾನು —